ಮೊದಲ ಬಿಲ್ ಬರೆಯಲಿರುವ ತಮ್ಮ ತಂಗಿಯರಿಗೆ

ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಕಾರವಾರದ ಪಾಲಿಟೆಕ್ನಿಕ್ಕಿನಲ್ಲಿ, ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜಿನಲ್ಲಿ ಓದುತ್ತಿರುವ, ಓದು ಮುಗಿಸಿ ಮನೆಯಲ್ಲಿರುವ, ಬೆಂಗಳೂರಿಗೆ ಹೋಗಿ ಮರಳಿ ಬಂದಿರುವ ತಮ್ಮ ತಂಗಿಯರೇ,

ವೆಬ್‌ಸೈಟ್ ಕಟ್ಟುವ ಕೆಲಸವನ್ನು ಯಾರ ಕೈಕೆಳಗೂ ಇಲ್ಲದೆ, ಊರಲ್ಲೇ ಇದ್ದುಕೊಂಡು ಮಾಡಬಹುದೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಮಾಡಬಹುದು. ನಾನು ಅಂಕೋಲೆಯಲ್ಲಿದ್ದು ಅದನ್ನೇ ಮಾಡುತ್ತಿದ್ದೇನೆ. ಇದಾದ ಮೇಲೆ ನೀವು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ರಿಯಾಕ್ಟ್ ಕಲಿಯಬೇಕಾ, ವರ್ಡ್‌ಪ್ರೆಸ್ ಕಲಿಯಬೇಕಾ? ಅದಕ್ಕೆ ಎರಡು ನಿಮಿಷದ ಉತ್ತರ ಸಾಕು. ದುಡ್ಡು ಹೇಗೆ ಕೇಳಬೇಕು, ಎಷ್ಟು ಕೇಳಬೇಕು, ಯಾವಾಗ, ಯಾವ ಕಾಗದದ ಮೇಲೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಪತ್ರ ಅದಕ್ಕಾಗಿ. ನಮ್ಮ ಕಡೆ ಈ ಕಸುಬು ಕೋಡ್ ಬಾರದೆ ಕೆಡುವುದಕ್ಕಿಂತ ಬಾಯಿ ಬಾರದೆ ಕೆಡುವುದೇ ಹೆಚ್ಚು.

ಎರಡು ನಿಮಿಷದ ಉತ್ತರವನ್ನು ಮೊದಲು ಮುಗಿಸುತ್ತೇನೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಈ ಮೂರನ್ನು ಗಟ್ಟಿಯಾಗಿ ಕಲಿಯಿರಿ. ಮೊಜಿಲ್ಲಾದವರ ಎಂಡಿಎನ್ ಇದೆ, ಫ್ರೀಕೋಡ್‌ಕ್ಯಾಂಪ್ ಇದೆ, ಎರಡಕ್ಕೂ ಒಂದು ಪೈಸೆ ಕೊಡಬೇಕಾಗಿಲ್ಲ. ಗಿಟ್ ಕಲಿಯಿರಿ. ಆಮೇಲೆ ವರ್ಡ್‌ಪ್ರೆಸ್. 2003ರಲ್ಲಿ ಹುಟ್ಟಿದ ಈ ತಂತ್ರಾಂಶದ ಮೇಲೆ ಇವತ್ತು ಜಗತ್ತಿನ ಶೇ 40ಕ್ಕಿಂತ ಹೆಚ್ಚು ವೆಬ್‌ಸೈಟುಗಳು ನಡೆಯುತ್ತಿವೆ. ನಮ್ಮ ಊರಿನ ಗ್ರಾಹಕರ ಬಹುಪಾಲು ಕೆಲಸ ಅದರಲ್ಲೇ ಆಗುತ್ತದೆ. ರಿಯಾಕ್ಟ್ ಕಲಿತರೆ ಹೊರಗಿನ ಕೆಲಸಕ್ಕೆ ಒಳ್ಳೆಯದು, ಅವಸರವಿಲ್ಲ. ಇಷ್ಟೇ.

ಯಾರಿಗೆ ಕೆಲಸ ಮಾಡಿಕೊಡುವುದು ಎಂಬುದು ಇದಕ್ಕಿಂತ ದೊಡ್ಡ ಮಾತು. ಐಟಿ ಉದ್ಯಮವನ್ನು ರಾಜಧಾನಿಯ ಆಚೆಗೆ ಒಯ್ಯಲು ಸರ್ಕಾರ ತಂದ ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮ ಮೊದಲು ಆರಿಸಿಕೊಂಡದ್ದು ಮೈಸೂರನ್ನು, ಮಂಗಳೂರು–ಉಡುಪಿಯನ್ನು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಯನ್ನು. ನಕ್ಷೆ ತೆಗೆದು ನೋಡಿ, ನಾವು ಇರುವುದು ಮಂಗಳೂರಿಗೂ ಹುಬ್ಬಳ್ಳಿಗೂ ನಡುವಿನ ಖಾಲಿ ಜಾಗದಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಗದದ ಮೇಲೇ ಓಡುತ್ತಿದೆ. ನಮ್ಮಲ್ಲೂ ಐಟಿ ಪಾರ್ಕು ಬರಲಿ ಎಂದು ಕಾಯುತ್ತ ಕೂತರೆ ನಿಮ್ಮ ವಯಸ್ಸು ಕಳೆಯುತ್ತದೆ. ಪಾರ್ಕೂ ಬೇಡ, ರೈಲೂ ಬೇಡ, ಒಂದು ಲ್ಯಾಪ್‌ಟಾಪು ಮತ್ತು ಒಂದು ಸಂಪರ್ಕ ಇದ್ದರೆ ಶುರು ಮಾಡಬಹುದಾದ ಕೆಲಸ ಇದು.

ಮೊದಲ ಗ್ರಾಹಕರನ್ನು ಅಮೆರಿಕದಲ್ಲಿ ಹುಡುಕಬೇಡಿ, ದೇವಬಾಗ, ಮಾಜಾಳಿ, ಸದಾಶಿವಗಡದ ಹೋಂಸ್ಟೇಗಳಲ್ಲಿ ಹುಡುಕಿ. ಮಲ್ಲಾಪುರದ ಕೈಗಾ ಟೌನ್‌ಶಿಪ್ಪಿನ ಸುತ್ತ, ಅಮದಳ್ಳಿಯ ನೌಕಾಪಡೆಯ ಕಾಲೊನಿಯ ಸುತ್ತ ಟ್ಯೂಷನ್ ನಡೆಸುವವರು, ಕೇಕ್ ಮಾಡುವವರು, ಬಟ್ಟೆ ಹೊಲಿಯುವವರು ಇದ್ದಾರೆ. ಖಾಸಗಿ ಶಾಲೆಗಳು, ದಂತವೈದ್ಯರು, ಕಲ್ಯಾಣ ಮಂಟಪಗಳು, ಸಹಕಾರಿ ಸಂಘಗಳು ಇವೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೆಚ್ಚು ದಿನ ಇಡಲಾಗದ, ಕೆಲವೇ ವಾರ ಸಿಗುವ ಆ ಹಣ್ಣನ್ನು ಹುಬ್ಬಳ್ಳಿಯವರು, ಬೆಂಗಳೂರಿನವರು ಕೇಳಿ ತರಿಸಿಕೊಳ್ಳಬೇಕಾದರೆ ತೋಟದ ಹೆಸರು, ದರ, ಯಾವ ದಿನ ಪೆಟ್ಟಿಗೆ ಹೊರಡುತ್ತದೆ ಎಂಬುದು ಎಲ್ಲಾದರೂ ಬರೆದಿರಬೇಕಲ್ಲ. ಅದಕ್ಕೆ ದೊಡ್ಡ ಅಂಗಡಿಯಂಥ ಸೈಟು ಬೇಡ. ಏಪ್ರಿಲಿನಲ್ಲಿ ತೆರೆದು ಜೂನಿನಲ್ಲಿ ‘ಈ ವರ್ಷದ ಹಣ್ಣು ಮುಗಿಯಿತು’ ಎಂದು ಹೇಳುವ ಒಂದೇ ಪುಟ, ಒಂದು ವಾಟ್ಸ್‌ಆ್ಯಪ್ ಗುಂಡಿ ಸಾಕು.

ಬೇಡದವರಿಗೆ ಬೇಡ ಎಂದು ಹೇಳುವ ಧೈರ್ಯವೂ ಇರಲಿ. ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ವೆಬ್‌ಸೈಟ್ ಬೇಕಾಗಿಲ್ಲ. ಮೀನೂಟದ ಹೋಟೆಲಿಗೆ ಗೂಗಲ್ ನಕ್ಷೆಯಲ್ಲಿ ಸರಿಯಾದ ಜಾಗ, ತೆರೆಯುವ ಹೊತ್ತು, ನಾಲ್ಕು ಒಳ್ಳೆಯ ಫೋಟೊ ಇದ್ದರೆ ಮುಕ್ಕಾಲು ಕೆಲಸ ಆಯಿತು. ಅಷ್ಟನ್ನೇ ಮಾಡಿಕೊಟ್ಟು ಅಷ್ಟಕ್ಕೇ ದುಡ್ಡು ತೆಗೆದುಕೊಳ್ಳಿ. ನಮ್ಮದು ಸಣ್ಣ ಊರು. ಬೇಡದ್ದನ್ನು ಮಾರಿದ ಸುದ್ದಿ ಶನಿವಾರ ಹುಟ್ಟಿದರೆ ರವಿವಾರದ ಸಂತೆಯೊಳಗೆ ಎಲ್ಲರ ಕಿವಿಗೂ ಬಿದ್ದಿರುತ್ತದೆ. ನೇರವಾಗಿ ಹೇಳಿದವರ ಹೆಸರೂ ಹಾಗೆಯೇ ಹಬ್ಬುತ್ತದೆ.

ವೆಬ್‌ಸೈಟ್ ಬೇಕಾದವರಿಗೆ ಅದು ಯಾಕೆ ಬೇಕು ಎಂಬುದನ್ನು ನಿಮ್ಮ ಮಾತಲ್ಲಿ ವಿವರಿಸಲು ಬರಬೇಕು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲಿನ ಜೊತೆಗೆ ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳುವ ಅವಕಾಶ ಕೊಟ್ಟಿತ್ತು. ಎಷ್ಟೋ ಸಣ್ಣ ವ್ಯಾಪಾರಸ್ಥರು ಅದರ ವಿಳಾಸವನ್ನೇ ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡರು. 2024ರ ಮಾರ್ಚಿನಲ್ಲಿ ಗೂಗಲ್ ಅವೆಲ್ಲವನ್ನೂ ಮುಚ್ಚಿತು. ಬಾಡಿಗೆಯೂ ಇಲ್ಲದ, ಕರಾರೂ ಇಲ್ಲದ ಜಾಗದಲ್ಲಿ ಅಂಗಡಿ ಹಾಕಿದರೆ ಎಬ್ಬಿಸುವಾಗ ಕೇಳುವವರಿರುವುದಿಲ್ಲ. ಡಾಟ್ ಇನ್ ಡೊಮೇನಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಸಾಕು, ಆ ಹೆಸರು ಗ್ರಾಹಕರದೇ ಆಗಿ ಉಳಿಯುತ್ತದೆ.

ಆದರೆ ಗ್ರಾಹಕರದೇ ಆಗಿ ಉಳಿಯುವಂತೆ ನೀವು ಮಾಡಿದರೆ ಮಾತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೊಮೇನನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಕಾರ್ಡಿನಿಂದ ಕೊಂಡಿರಿ ಎನ್ನಿ. ಎರಡು ವರ್ಷದ ಮೇಲೆ ನಿಮಗೆ ಪುಣೆಯಲ್ಲಿ ನೌಕರಿ ಸಿಕ್ಕಿತು, ನಂಬರು ಬದಲಾಯಿತು, ನವೀಕರಣದ ನೆನಪೋಲೆಗಳು ನೀವು ತೆರೆಯದ ಇಮೇಲಿಗೆ ಬಂದು ಬಿದ್ದವು. ಸರಿಯಾಗಿ ಡಿಸೆಂಬರಿನ ಸೀಸನ್ನಿನಲ್ಲಿ ಹೋಂಸ್ಟೇಯ ಸೈಟು ನಿಂತಿತು. ಆ ಯಜಮಾನರು ಇನ್ನು ಮುಂದೆ ಊರಿನ ಯಾವ ಹುಡುಗನನ್ನೂ ಹುಡುಗಿಯನ್ನೂ ನಂಬುವುದಿಲ್ಲ. ಅವರ ಅನುಮಾನದ ಬೆಲೆಯನ್ನು ಮುಂದಿನ ಬ್ಯಾಚಿನವರು ತೆರುತ್ತಾರೆ. ಹಾಗಾಗಿ ಡೊಮೇನ್, ಹೋಸ್ಟಿಂಗ್, ಗೂಗಲ್ ಖಾತೆ ಮೂರೂ ಗ್ರಾಹಕರ ಹೆಸರಿನಲ್ಲಿ, ಅವರ ಎದುರಿಗೇ ಕೂತು, ಅವರ ಫೋನಿಗೆ ಬಂದ ಒಟಿಪಿಯಿಂದಲೇ ತೆರೆಯಲಿ. ಪಾಸ್‌ವರ್ಡನ್ನು ಅವರ ಲೆಕ್ಕದ ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆಸಿ. ಭದ್ರತೆಯ ಪಾಠ ಹೇಳುವವರು ಒಪ್ಪಲಿಕ್ಕಿಲ್ಲ, ಆದರೆ ತಿಜೋರಿಯಲ್ಲಿಟ್ಟ ಪುಸ್ತಕಕ್ಕಿಂತ ಒಳ್ಳೆಯ ಜಾಗ ನಮ್ಮ ಹಿರಿಯ ವ್ಯಾಪಾರಸ್ಥರಿಗೆ ಸದ್ಯಕ್ಕೆ ಇಲ್ಲ. ಸೈಟನ್ನು ಒತ್ತೆಯಿಟ್ಟುಕೊಂಡು ಬಾಕಿ ವಸೂಲಿ ಮಾಡುವ ಚಾಳಿ ಕೆಲವರಲ್ಲಿದೆ. ಅದನ್ನು ಕಲಿಯಬೇಡಿ. ಬಾಕಿ ಉಳಿಯದ ಹಾಗೆ ಮಾಡುವ ದಾರಿ ಬೇರೆ ಇದೆ.

ಸೈಟನ್ನು ಅವರೇ ತಿದ್ದಿಕೊಳ್ಳುವಂತೆಯೂ ಇರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಶಿರೂರಿನಲ್ಲಿ ಜೀವಗಳು ಹೋದವು, ಅದರ ಮುಂದೆ ವೆಬ್‌ಸೈಟಿನ ಮಾತು ಬಹಳ ಸಣ್ಣದು. ಆದರೂ ಕಸುಬಿನವರಾಗಿ ನಾವು ಕಲಿಯುವುದೊಂದಿದೆ. ದಾರಿ ಇದೆಯೋ ಇಲ್ಲವೋ, ಯಾವ ಕಡೆಯಿಂದ ಬರಬೇಕು ಎಂಬ ಒಂದು ಸಾಲನ್ನು ಯಜಮಾನರು ತಮ್ಮ ಫೋನಿನಿಂದ ತಾವೇ ಹಾಕುವಂತಿರಬೇಕು. ಅಂಥ ದಿನ ನಿಮಗೂ ನೆಟ್‌ವರ್ಕ್ ಇರುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಮಾಡುವ ಪ್ರತಿ ಸೈಟಿನ ಮುಖಪುಟದಲ್ಲಿ ‘ಇವತ್ತಿನ ಸೂಚನೆ’ ಎಂಬ ಒಂದು ಪಟ್ಟಿಯನ್ನು ನಾನು ತಪ್ಪದೆ ಇಡುತ್ತೇನೆ, ನೀವೂ ಇಡಿ. ಮುಖಪುಟ ಹಗುರವಾಗಿರಲಿ, ಫೋಟೊಗಳನ್ನು ವೆಬ್‌ಪಿಗೆ ಇಳಿಸಿ. ಜೊಯಿಡಾದ ಘಟ್ಟದಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಂತವರಿಗೂ ಫೋನ್ ನಂಬರ್ ಕಾಣಬೇಕು.

ಇನ್ನು ದುಡ್ಡಿನ ಮಾತು.

‘ತಮಾ, ನಮ್ದೊಂದು ವೆಬ್‌ಸೈಟ್ ಮಾಡ್ಕೊಡು. ದುಡ್ಡೆಂತಾ, ಕೊಡುವಾ.’ ನಿಮ್ಮ ಮೊದಲ ಕೆಲಸ ಬರುವುದು ಹೀಗೆ. ಹೇಳುವವರು ಅಪ್ಪನ ಜೊತೆ ಓದಿದವರು, ಇಲ್ಲವೇ ಅಮ್ಮನ ತವರಿನ ಕಡೆಯವರು, ಇಲ್ಲವೇ ನಿಮಗೆ ಏಳನೆಯತ್ತೆಯಲ್ಲಿ ಲೆಕ್ಕ ಕಲಿಸಿದ ಮಾಸ್ತರರು. ಅವರ ಮನಸ್ಸಿನಲ್ಲಿ ಮೋಸವಿಲ್ಲ. ಆದರೆ ಇಟ್ಟಿಗೆ, ಮರಳು, ಗಾರೆಯವರ ಕೂಲಿ ಅವರಿಗೆ ಗೊತ್ತು, ಈ ಕೆಲಸದ ಕೂಲಿ ಗೊತ್ತಿಲ್ಲ. ಗೊತ್ತುಮಾಡಿಸುವುದು ನಿಮ್ಮ ಜವಾಬ್ದಾರಿ. ‘ಮಾವಾ, ಖಂಡಿತ ಮಾಡಿಕೊಡ್ತೆ. ಏನೇನು ಬೇಕು ಎಂದು ಬರೆದುಕೊಂಡು ನಾಡಿದ್ದು ಎಸ್ಟಿಮೇಟ್ ತರ್ತೆ’ ಎನ್ನಿ. ಎಸ್ಟಿಮೇಟ್ ಎಂಬ ಶಬ್ದ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮನೆ ಕಟ್ಟಿಸಿದವರು, ವಯರಿಂಗ್ ಮಾಡಿಸಿದವರು ಅದಕ್ಕೆ ಬೇಸರಿಸುವುದಿಲ್ಲ. ಸಂಬಂಧ ಕೆಡುವುದು ದುಡ್ಡು ಕೇಳಿದ್ದರಿಂದ ಅಲ್ಲ, ಕೆಲಸ ಮುಗಿದ ಮೇಲೆ ಮೊದಲ ಸಲ ಕೇಳಿದ್ದರಿಂದ.

ಎಷ್ಟು ಕೇಳಬೇಕು? ಪಕ್ಕದವರು ಎಷ್ಟಕ್ಕೆ ಮಾಡುತ್ತಾರೆ ಎಂದು ನೋಡಿ ದರ ಕಟ್ಟಬೇಡಿ, ನಿಮ್ಮ ವರ್ಷದ ಖರ್ಚಿನಿಂದ ಕಟ್ಟಿ. ಮನೆಗೆ ತಿಂಗಳಿಗೆ 30,000 ರೂಪಾಯಿ ಬೇಕು ಎಂದುಕೊಳ್ಳೋಣ, ವರ್ಷಕ್ಕೆ 3,60,000. ಲ್ಯಾಪ್‌ಟಾಪಿನ ಸವಕಳಿ, ಇಂಟರ್ನೆಟ್, ಇನ್ವರ್ಟರಿನ ಬ್ಯಾಟರಿ, ಲೆಕ್ಕಪತ್ರದವರ ಶುಲ್ಕ ಎಲ್ಲ ಸೇರಿ ಇನ್ನೊಂದು 60,000. ಒಟ್ಟು 4,20,000. ರವಿವಾರ, ಹಬ್ಬ, ಜ್ವರ, ಮದುವೆಮನೆ ಕಳೆದು ವರ್ಷದಲ್ಲಿ 280 ದಿನ ಕೆಲಸಕ್ಕೆ ಕೂರುತ್ತೀರಿ. ಅದರಲ್ಲಿ ಅರ್ಧ ಗ್ರಾಹಕರನ್ನು ಹುಡುಕಲು, ಫೋನಿಗೆ, ಹೊಸದು ಕಲಿಯಲು, ಬಾಕಿ ಕೇಳಲು ಹೋಗುತ್ತದೆ. ಬಿಲ್ ಮಾಡಬಹುದಾದ ದಿನ 140. ದಿನಕ್ಕೆ 3,000 ಆಯಿತು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಐದು ಪುಟದ ಒಂದು ಸೈಟಿಗೆ ಎಂಟು ದಿನ ಹಿಡಿದರೆ 24,000. ಇದು ದುರಾಸೆಯ ಅಂಕಿಯಲ್ಲ, ನೀವು ಬದುಕುವ ಅಂಕಿ. ಗ್ರಾಹಕರು ‘ಐದು ಸಾವಿರಕ್ಕೆ ಆಗೂದಿಲ್ವಾ’ ಎಂದರೆ ದರ ಇಳಿಸಬೇಡಿ, ಕೆಲಸ ಇಳಿಸಿ. ಒಂದೇ ಪುಟ, ಒಂದೇ ಭಾಷೆ, ಫೋಟೊ ಅವರದೇ. ಒಂದೂವರೆ ದಿನದ ಕೆಲಸ, ಅವರಿಗೂ ಮುಂದೆ ಬೆಳೆಸಲು ಜಾಗ ಉಳಿಯುತ್ತದೆ.

ಮುಂಗಡ ಇಲ್ಲದೆ ಶುರು ಮಾಡಬೇಡಿ. ನಾನು ಹತ್ತರಲ್ಲಿ ನಾಲ್ಕು ಭಾಗ ಮೊದಲು, ನಾಲ್ಕು ಭಾಗ ವಿನ್ಯಾಸ ಒಪ್ಪಿದಾಗ, ಎರಡು ಭಾಗ ಸೈಟು ಊರಿಗೆ ತೆರೆದ ದಿನ ತೆಗೆದುಕೊಳ್ಳುತ್ತೇನೆ. ಈ ಕಸುಬಿನಲ್ಲಿ ಅತಿ ದೊಡ್ಡ ಬಾಕಿದಾರ ಯಾರು ಎಂದರೆ ‘ಫೋಟೊ ಕಳಿಸ್ತೇನೆ’ ಎಂಬ ಮಾತು. ವಿನ್ಯಾಸ ಆಗಿರುತ್ತದೆ, ಕೋಡ್ ಆಗಿರುತ್ತದೆ, ಕೋಣೆಗಳ ಫೋಟೊ, ದರಪಟ್ಟಿ, ಎರಡು ಸಾಲು ಪರಿಚಯ ಮಾತ್ರ ಬರುವುದಿಲ್ಲ. ಅದಕ್ಕಾಗಿ ಎಸ್ಟಿಮೇಟಿನಲ್ಲೇ ಬರೆಯಿರಿ: ವಿವರಗಳು 30 ದಿನದೊಳಗೆ ಬಾರದಿದ್ದರೆ ಅಲ್ಲಿಯವರೆಗಿನ ಕೆಲಸದ ಹಣ ಕೊಡತಕ್ಕದ್ದು. ಹೀಗೆ ಬರೆದದ್ದನ್ನು ಓದಿ ಹೇಳಿದರೆ ಹೆಚ್ಚಿನವರು ಅದೇ ವಾರ ಫೋಟೊ ಕಳಿಸುತ್ತಾರೆ.

ಕರಾವಳಿಯ ಪಂಚಾಂಗವೂ ನಿಮ್ಮ ತಲೆಯಲ್ಲಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನಿನ ಮೇಲೆ ನಡೆಯುವ ಯಾವ ವ್ಯಾಪಾರದ ಕೈಯಲ್ಲೂ ಆಗ ಕಾಸು ಓಡಾಡುವುದಿಲ್ಲ. ಅವರ ಹತ್ತಿರ ಕೊನೆಯ ಕಂತನ್ನು ಜುಲೈಗೆ ಇಟ್ಟುಕೊಂಡರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ಪ್ರವಾಸಿಗರ ಹೋಂಸ್ಟೇ, ರೆಸಾರ್ಟುಗಳಿಗೆ ಮಳೆಗಾಲವೇ ಸೈಟು ಕಟ್ಟುವ ಕಾಲ, ಯಜಮಾನರಿಗೆ ಕೂತು ಮಾತಾಡಲು ಪುರುಸೊತ್ತಿರುತ್ತದೆ. ಅಕ್ಟೋಬರಿಗೆ ಸೈಟು ಸಿದ್ಧವಿರಬೇಕು. ಆದರೆ ಫೋಟೊಗಳನ್ನು ಮೇ ತಿಂಗಳೊಳಗೇ ತೆಗೆದಿಡಿ, ಜುಲೈನ ಬೂದು ಆಕಾಶದ ಕೆಳಗೆ ತೆಗೆದ ಕಡಲತೀರ ಯಾರನ್ನೂ ಕರೆಯುವುದಿಲ್ಲ. ಡ್ರೋನ್ ಹಾರಿಸಿ ಮೇಲಿನಿಂದ ತೆಗೆಯೋಣ ಎಂದು ಬಿಣಗಾ, ಅರ್ಗಾ ಕಡೆಯವರು ಒತ್ತಾಯ ಮಾಡುತ್ತಾರೆ. ಐಎನ್‌ಎಸ್ ಕದಂಬ ನೌಕಾನೆಲೆಯ ಸುತ್ತ ಡ್ರೋನ್ ಹಾರಿಸುವಂತಿಲ್ಲ, ಸ್ಪಷ್ಟವಾಗಿ ಇಲ್ಲ ಎನ್ನಿ. ಒಂದು ಫೋಟೊಗಾಗಿ ಪೊಲೀಸ್ ಠಾಣೆ ನೋಡುವುದು ಬೇಡ.

ಕಾಗದದ ಬಗ್ಗೆ ಇನ್ನೆರಡು ವಿಷಯ. ನೀವು ಯಾರ ನೌಕರರೂ ಅಲ್ಲವಾದ್ದರಿಂದ ನೀವು ಬರೆದ ಕೋಡಿನ ಮೊದಲ ಹಕ್ಕು, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಿಮ್ಮದೇ. ಆ ಹಕ್ಕನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಸಹಿ ಹಾಕಿದ ಬರಹದಲ್ಲಿಯೇ ಆಗಬೇಕು. ಪೂರ್ತಿ ಹಣ ಸಂದ ದಿನ ಹಕ್ಕು ಗ್ರಾಹಕರಿಗೆ ಸೇರುತ್ತದೆ ಎಂಬ ಒಂದು ಸಾಲು ಇಬ್ಬರನ್ನೂ ಕಾಯುತ್ತದೆ. ಎರಡನೆಯದು, ಉದ್ಯಮ್ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಶುಲ್ಕವಿಲ್ಲ. ಶುಲ್ಕ ಕೇಳುವ ಸೈಟುಗಳು ಸರ್ಕಾರದ್ದಲ್ಲ. ಹೀಗೆ ನೋಂದಾಯಿಸಿಕೊಂಡ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಲಿಖಿತ ಒಪ್ಪಂದ ಇದ್ದರೂ, 45 ದಿನಕ್ಕಿಂತ ಹೆಚ್ಚು ತಡೆಹಿಡಿಯುವಂತಿಲ್ಲ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಮಾವನ ಹೋಂಸ್ಟೇಗೆ ಇದನ್ನು ತೋರಿಸಬೇಕಾಗಿಲ್ಲ. ಊರಾಚೆಯ ಕಂಪನಿಗಳಿಗೆ ಕಳಿಸುವ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಅಲ್ಲಿನ ಲೆಕ್ಕದ ವಿಭಾಗದವರಿಗೆ ಅರ್ಥವಾಗುತ್ತದೆ.

ತೆರಿಗೆಯ ಹೆಸರಿಗೇ ಹೆದರುವವರಿದ್ದೀರಿ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿ ವಸೂಲಿ ಮಾಡುವುದು ಮಾತ್ರ ತಪ್ಪು. ಸಂಸ್ಥೆಗಳು ಬಿಲ್ಲಿನಲ್ಲಿ ಟಿಡಿಎಸ್ ಹಿಡಿದು ಕೊಟ್ಟರೆ ಆ ಹಣ ಮುಳುಗಿತು ಎಂದುಕೊಳ್ಳಬೇಡಿ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿರುತ್ತದೆ, ರಿಟರ್ನ್ ಸಲ್ಲಿಸಿದರೆ ಹೆಚ್ಚುವರಿ ಮರಳಿ ಬರುತ್ತದೆ. ಕಸುಬಿಗೆ ಒಂದು ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ವರ್ಷಕ್ಕೊಮ್ಮೆ ಚಾರ್ಟರ್ಡ್ ಅಕೌಂಟೆಂಟರ ಹತ್ತಿರ ಕೂರಿ. ಉಳಿದದ್ದನ್ನು ಅವರು ಹೇಳುತ್ತಾರೆ.

ಈಗ ನನಗೆ ಬಹಳ ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ದೊಡ್ಡ ಏಜೆನ್ಸಿಗಿಂತ ನೀವು ಚೆನ್ನಾಗಿ ಮಾಡಬಹುದಾದ ಕೆಲಸ ಕನ್ನಡದ ಸೈಟು. ಗ್ರಾಹಕರು ಬರಹವನ್ನು ಕೊಡುವುದು ಹೆಚ್ಚಾಗಿ ಪ್ರಿಂಟಿಂಗ್ ಪ್ರೆಸ್ಸಿನ ಫೈಲಿನಲ್ಲಿ. ಆಮಂತ್ರಣಕ್ಕೋ ಬ್ರೋಷರಿಗೋ ಶ್ರೀಲಿಪಿಯಲ್ಲಿ, ಹಳೆಯ ನುಡಿಯಲ್ಲಿ ಜೋಡಿಸಿದ್ದು. ಅದನ್ನು ನಕಲು ಮಾಡಿ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎಷ್ಟೋ ಜನ ಆಗ ಬರಹದ ಫೋಟೊ ತೆಗೆದು ಹಾಕಿಬಿಡುತ್ತಾರೆ. ಫೋಟೊ ಆದ ಕನ್ನಡವನ್ನು ಗೂಗಲ್ ಸರಿಯಾಗಿ ಹುಡುಕಿಕೊಡುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದಿಲ್ಲ. ಯುನಿಕೋಡಿಗೆ ಪರಿವರ್ತಿಸುವ ಪುಕ್ಕಟೆ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಒಂದೊಂದು ಸಾಲನ್ನೂ ಕಣ್ಣಿಟ್ಟು ಓದಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳಲ್ಲಿ ತಪ್ಪು ನುಸುಳುತ್ತದೆ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ನಮೂದಿಸಿ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಗುಂಡಿಯೊಳಗೆ ಅರ್ಧ ಕತ್ತರಿಸಿ ಹೋಗುತ್ತದೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಶೈಲಿಯನ್ನು ಕನ್ನಡದ ಶೀರ್ಷಿಕೆಗೆ ಹಾಕಲೇಬೇಡಿ. ನೋಟೊ ಸಾನ್ಸ್, ಬಾಲೂ ತಮ್ಮ, ಅನೇಕ್, ತಿರೋ ಹೀಗೆ ಒಳ್ಳೆಯ ಕನ್ನಡ ಅಕ್ಷರಗಳು ಪುಕ್ಕಟೆಯಾಗಿ ಸಿಗುತ್ತವೆ. ಹುಡುಕುವವರಲ್ಲಿ ‘ಅಂಕೋಲಾ’ ಎಂದು ಬರೆಯುವವರಿದ್ದಾರೆ, ‘ಅಂಕೋಲೆ’ ಎನ್ನುವವರಿದ್ದಾರೆ, ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವವರೂ ಇದ್ದಾರೆ. ಪುಟದಲ್ಲಿ ಮೂರೂ ಸಹಜವಾಗಿ ಬರಲಿ. ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಮುಗಿಯುವ ವಿಳಾಸವೂ ಸಿಗುತ್ತದೆ. ಎರಡನೆಯ ವಿಳಾಸವಾಗಿ ಅದನ್ನು ಕೊಡಿಸಿ. ಇಷ್ಟು ಬಲ್ಲವರಾದರೆ ಧಾರವಾಡದ ಪ್ರಕಾಶಕರೂ ಶಿರಸಿಯ ಸಂಘ ಸಂಸ್ಥೆಗಳೂ ನಿಮ್ಮನ್ನು ಹುಡುಕಿಕೊಂಡು ಬರಬಲ್ಲರು.

ಕನ್ನಡದ ಜೊತೆಗೆ ಕಾರವಾರದವರಾದ ನಿಮ್ಮಲ್ಲಿ ಬಹಳ ಜನರಿಗೆ ಕೊಂಕಣಿ ಮನೆಮಾತು, ಮರಾಠಿ ಹಿಂದಿ ತಿಳಿಯುತ್ತದೆ. ಕಾಳಿ ದಾಟಿ ಸ್ವಲ್ಪ ಹೋದರೆ ಗೋವಾ. ಕಾಣಕೋಣ, ಮಡಗಾಂವಿನ ಗ್ರಾಹಕರ ಎದುರು ಅವರ ಭಾಷೆಯಲ್ಲೇ ಕೂತು ಮಾತಾಡಬಲ್ಲ ವೆಬ್ ಕೆಲಸಗಾರರು ಬೆಂಗಳೂರಿನಲ್ಲಿ ಕಡಿಮೆ. ನೌಕರಿಗಾಗಿ ನಮ್ಮವರು ಗೋವಾಕ್ಕೆ ಹೋಗುತ್ತಲೇ ಇದ್ದಾರೆ, ನೀವು ಬಿಲ್ ಬುಕ್ ಹಿಡಿದುಕೊಂಡು ಹೋಗಿ.

ಫೈವರ್, ಅಪ್‌ವರ್ಕ್‌ನಂಥ ತಾಣಗಳನ್ನು ಬೇಡ ಎನ್ನುವುದಿಲ್ಲ. ಫೈವರ್ ನಿಮ್ಮ ಗಳಿಕೆಯ ಶೇ 20 ಹಿಡಿದುಕೊಳ್ಳುತ್ತದೆ, ಅಪ್‌ವರ್ಕ್‌ನಲ್ಲಿ ಕೆಲಸ ಕೇಳಿ ಅರ್ಜಿ ಹಾಕುವುದಕ್ಕೇ ಖರ್ಚಿದೆ. ಊರಿನ ನಾಲ್ಕು ಕೆಲಸಗಳನ್ನು ಕೈಯಲ್ಲಿಟ್ಟುಕೊಂಡು ಅಲ್ಲಿಗೆ ಹೋದರೆ ತೋರಿಸಲು ಏನಾದರೂ ಇರುತ್ತದೆ, ಬರಿಗೈಯಲ್ಲಿ ಹೋದರೆ ಜಗತ್ತಿನ ಅತಿ ಕಡಿಮೆ ದರದವರ ಜೊತೆ ಜಗ್ಗಾಡಬೇಕು. ಈ ದಾರಿಯಲ್ಲಿ ಕಳ್ಳರೂ ಇದ್ದಾರೆ. ಡೇಟಾ ಎಂಟ್ರಿ ಕೊಡುತ್ತೇವೆ, ನೋಂದಣಿ ಶುಲ್ಕ ಕಟ್ಟಿ ಎನ್ನುವವರು, ಕೆಲಸ ತಪ್ಪಾಗಿದೆ, ದಂಡ ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ಹೆದರಿಸುವವರು. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕೇ ಹೊರತು ನೀವು ಅವರಿಗಲ್ಲ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಯೂ ಇಲ್ಲ. ದುಡ್ಡು ಹೋಯಿತು ಎಂದರೆ ನಾಚಿಕೆಯಿಂದ ಸುಮ್ಮನಿರದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ.

ಹೋಂಸ್ಟೇ ಸೈಟುಗಳಲ್ಲಿ ಅತಿಥಿಗಳ ಆಧಾರ್ ಪ್ರತಿ ಹಾಕಿಸಿಕೊಳ್ಳುವ ಫಾರ್ಮ್ ಮಾಡಿಕೊಡಿ ಎಂದು ಕೇಳುತ್ತಾರೆ. ಮಾಡಿಕೊಡಬೇಡಿ. ಯಾರು ಬೇಕಾದರೂ ತೆರೆಯಬಹುದಾದ ಫೋಲ್ಡರಿನಲ್ಲಿ ನೂರಾರು ಜನರ ಗುರುತಿನ ಚೀಟಿ ಬಿದ್ದಿರುವುದು ಎಂಥ ಅನಾಹುತ ಎಂದು ವಿವರಿಸಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಸರನ್ನೂ ಹೇಳಿ. ಗುರುತಿನ ಚೀಟಿಯನ್ನು ಬಾಗಿಲಲ್ಲಿ ನೋಡಿದರಾಯಿತು.

ತಂಗಿಯರಿಗೆ ಬೇರೆಯಾಗಿ ಒಂದು ಮಾತು. ಮಗಳು ಮನೆಯಲ್ಲಿದ್ದಾಳೆ ಎಂದರೆ ಬಿಡುವಾಗಿದ್ದಾಳೆ ಎಂದೇ ಮನೆಯವರ ಲೆಕ್ಕ. ಬೆಂಗಳೂರಿಗೆ ಕಳಿಸಲು ಹಿಂದೆಮುಂದೆ ನೋಡುವ ಮನೆಗಳು ‘ಮನೆಯಲ್ಲೇ ಏನೋ ಕಂಪ್ಯೂಟರ್ ಕೆಲಸ ಮಾಡಲಿ’ ಎಂದು ಸುಲಭವಾಗಿ ಒಪ್ಪುತ್ತವೆ. ಆಮೇಲೆ ಗ್ರಾಹಕರ ಜೊತೆ ಮಾತಾಡುವ ಹೊತ್ತಿಗೇ ಅಂಗಡಿಗೆ ಹೋಗಿ ಬಾ ಎನ್ನುತ್ತವೆ. ಬೆಳಿಗ್ಗೆ ಇಷ್ಟರಿಂದ ಮಧ್ಯಾಹ್ನ ಇಷ್ಟರವರೆಗೆ ನಾನು ಕೆಲಸದಲ್ಲಿರುತ್ತೇನೆ ಎಂದು ಮೊದಲ ದಿನವೇ ಹೇಳಿ, ಬಾಗಿಲು ಹಾಕಿಕೊಳ್ಳಿ. ಮೊದಲ ಮುಂಗಡ ನಿಮ್ಮ ಹೆಸರಿನ ಖಾತೆಗೆ ಬೀಳಲಿ, ಅಣ್ಣನದಕ್ಕಲ್ಲ, ಅಪ್ಪನದಕ್ಕಲ್ಲ. ಬಿಲ್ಲಿನ ಮೇಲೆ ನಿಮ್ಮ ಹೆಸರಿರಲಿ. ಗ್ರಾಹಕರನ್ನು ಕಾಣಲು ನೀವೇ ಹೋಗಿ. ಜೊತೆಗೆ ತಮ್ಮನನ್ನು ಕರೆದೊಯ್ದರೆ ಅವರು ಅವನ ಮುಖ ನೋಡಿಯೇ ಮಾತಾಡುತ್ತಾರೆ.

ವಿದ್ಯುತ್ತು, ನೆಟ್‌ವರ್ಕಿನ ಗೋಳು ನಿಮಗೆ ಹೇಳಬೇಕಾಗಿಲ್ಲ. ಎರಡು ಕಂಪನಿಗಳ ಸಿಮ್, ಒಂದು ಇನ್ವರ್ಟರ್ ಇಟ್ಟುಕೊಳ್ಳಿ. ಗಿಟ್ ಸಂಪರ್ಕವಿಲ್ಲದೆಯೂ ಕೆಲಸ ಮಾಡುವಂತೆ ಕಟ್ಟಿದ್ದು, ದಿನವಿಡೀ ನಿಮ್ಮ ಯಂತ್ರದಲ್ಲೇ ಕೆಲಸ ಮಾಡಿ ಸಿಗ್ನಲ್ ಬಂದಾಗ ಮೇಲೇರಿಸಿ. ಜುಲೈನಲ್ಲಿ ಗಡುವು ಒಪ್ಪಿಕೊಳ್ಳುವಾಗ ನಾಲ್ಕು ದಿನ ಹೆಚ್ಚು ಕೇಳಿ, ಕಾರಣವನ್ನೂ ಹೇಳಿ.

ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೇ ಎಂದು ಕೇಳುವವರಿಗೆ: ಒಂದು ಅಂದವಾದ ಮುಖಪುಟವನ್ನು ಅದು ನಿಮಿಷಗಳಲ್ಲಿ ಕೊಡುತ್ತದೆ. ಅದನ್ನು ಬಳಸಿಕೊಳ್ಳಿ, ನಾನೂ ಬಳಸುತ್ತೇನೆ. ಆದರೆ ದೇವಬಾಗದ ಯಜಮಾನರ ಬುಕಿಂಗ್ ಯಾಕೆ ಕಡಿಮೆಯಾಯಿತು ಎಂದು ಅವರ ಜಗುಲಿಯಲ್ಲಿ ಕೂತು ಕೇಳುವವರು, ರಾತ್ರಿ ಸೈಟು ಬಿದ್ದರೆ ಫೋನ್ ಎತ್ತುವವರು, ತಪ್ಪಿದರೆ ಸಂತೆಯಲ್ಲಿ ಎದುರಾಗಿ ಉತ್ತರ ಕೊಡುವವರು ಬೇಕು. ವರ್ಷದ ನಿರ್ವಹಣೆ ಎಂದು ಬಿಲ್ ಮಾಡಬೇಕಾದದ್ದು ಇದನ್ನೇ. ತಂತ್ರಾಂಶದ ನವೀಕರಣ, ಬ್ಯಾಕಪ್, ಸಣ್ಣ ತಿದ್ದುಪಡಿ ಸೇರಿಸಿ ಸೈಟಿನ ವೆಚ್ಚದ ಆರರಲ್ಲಿ ಒಂದು ಭಾಗವನ್ನಾದರೂ ವರ್ಷಕ್ಕೆ ಗೊತ್ತುಮಾಡಿ. ಅಂಥ ಹದಿನೈದು ಇಪ್ಪತ್ತು ಮನೆಗಳಿದ್ದರೆ ಹೊಸ ಕೆಲಸ ಬಾರದ ತಿಂಗಳಲ್ಲೂ ಒಲೆ ಉರಿಯುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. ಕಾರವಾರ, ಅಂಕೋಲೆಯಲ್ಲಿ ಈ ಕೆಲಸ ಮಾಡುವವರು ಇರುವುದೇ ಬೆರಳೆಣಿಕೆಯಷ್ಟು. ಒಬ್ಬರ ಎಸ್ಟಿಮೇಟನ್ನು ಇನ್ನೊಬ್ಬರು ಅರ್ಧಕ್ಕೆ ಇಳಿಸಿ ಕೆಲಸ ಕಿತ್ತುಕೊಳ್ಳುವುದು ಶುರುವಾದರೆ ಎರಡು ವರ್ಷದಲ್ಲಿ ಎಲ್ಲರೂ ನೌಕರಿ ಹುಡುಕಿಕೊಂಡು ರೈಲು ಹತ್ತುತ್ತೇವೆ. ಇಂಥ ದಿನದ ಕೂಲಿಗಿಂತ ಕೆಳಗೆ ಯಾರೂ ಇಳಿಯುವುದಿಲ್ಲ ಎಂದು ಮಾತಾಡಿಕೊಳ್ಳೋಣ. ಊರು ಬಿಡುವವರು ತಮ್ಮ ಗ್ರಾಹಕರನ್ನು ಇಲ್ಲೇ ಉಳಿಯುವ ಇನ್ನೊಬ್ಬರಿಗೆ ಕೈಗೊಪ್ಪಿಸಿ ಹೋಗುವ ಪದ್ಧತಿ ಮಾಡಿಕೊಳ್ಳೋಣ. ಕನ್ನಡದಲ್ಲಿ ಬರೆದ ಎರಡು ಪುಟದ ಕರಾರುಪತ್ರದ ಮಾದರಿ ನನ್ನ ಹತ್ತಿರ ಇದೆ, ವಕೀಲರಿಗೆ ತೋರಿಸಿ ತಿದ್ದಿಸಿದ್ದು. ಅದನ್ನು ನಿಮ್ಮ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳಿಗೆ ಕೊಡುತ್ತೇನೆ, ಪ್ರತಿ ಮಾಡಿಕೊಳ್ಳಿ. ಹೋಂಸ್ಟೇ, ಶಾಲೆ, ದವಾಖಾನೆಗಳಿಗೆ ಬೇಕಾದ ಕಲಮುಗಳು ಅದರಲ್ಲಿವೆ. ಮೀನು ಮಾರಾಟಕ್ಕೆ, ದಿನಕ್ಕೊಂದು ದರ ಬದಲಾಗುವ ವ್ಯಾಪಾರಕ್ಕೆ ಹೊಂದುವ ಕಲಮು ಇನ್ನೂ ಇಲ್ಲ. ಬೈತಖೋಲ ಬಂದರಿನ ಕಡೆಯ ಮನೆಗಳಿಂದ ಬಂದವರು ನಿಮ್ಮಲ್ಲಿದ್ದೀರಿ, ಆ ವ್ಯಾಪಾರ ನಿಮಗೆ ಗೊತ್ತು. ಅದನ್ನು ನೀವು ಬರೆದು ಸೇರಿಸಿ.

ಇಂತಿ,
ನಿಮ್ಮ ಅಕ್ಕ,
ಅದೇ ಕಸುಬಿನವಳು, ಅಂಕೋಲೆ